ಆಷಾಢದ ಬಸಿರು

ಸಿದ್ದಲಿಂಗೇಶ್ ಸಾಯುವ ಹಿಂದಿನ ದಿನ ಗೋವಿನಕೋವಿಯ ಮೇಲಿನ ಓಣಿಗೆ ನೀರು ಹತ್ತಲಿಲ್ಲ. ಅವನು ಪಂಚಾಯ್ತಿಯ ವಾಟರ್‌ಮ್ಯಾನ್. ಊರ ತುದಿಯ ಟ್ಯಾಂಕ್ ತುಂಬಿಸುವುದು, ಓಣಿ ಓಣಿಗೆ ವಾಲ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ನೀರು ಬಂದ ದಿನ ಯಾರೂ ಅವನ ಹೆಸರೆತ್ತುತ್ತಿರಲಿಲ್ಲ. ಬಾರದ ದಿನ ಬೆಳಗಾಗುತ್ತಲೇ ಮನೆ ಮುಂದೆ ಖಾಲಿ ಕೊಡ ಹಿಡಿದ ಹೆಂಗಸರು.

"ಏನ್ ಸಿದ್ದಲಿಂಗಣ್ಣ, ಮೇಲಿನ ಓಣಿಯೋರು ಮೈ ತೊಳ್ಕಳೋ ಜನ ಅಲ್ವಾ?" ಅಂದಳು ಒಬ್ಬಳು.

"ವಾಲ್ ಕೆಟ್ಟೈತೆ ಕಣವ್ವ. ನಾನೇನು ಬಾಯಲ್ಲಿ ತುಂಬ್ಕೊಂಡು ಬಂದು ನಿಮ್ಮ ಹಂಡೆಗೆ ಉಗುಳ್ಲಾ?"

"ಥೂ, ನಿನ್ನ ಬಾಯಿಗಿಷ್ಟು!"

ಹೆಂಗಸರು ನಕ್ಕರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಪ್ರಮೀಳಾಗೂ ನಗು ಬಂತು. ಅವನು ಬೈಸಿಕೊಂಡೇ ನಗಿಸುವವನು. ಸ್ಪ್ಯಾನರ್ ಹೆಗಲಿಗೇರಿಸಿ, ಒಂದು ರೊಟ್ಟಿ ಸುರುಳಿ ಸುತ್ತಿ ಬಾಯಿಗಿಟ್ಟುಕೊಂಡೇ ಹೋದ.

ಮಧ್ಯಾಹ್ನ ಅವಳು ಟ್ಯಾಂಕಿನ ಹತ್ತಿರ ಬುತ್ತಿ ಒಯ್ದಳು. ಅಲ್ಲಿ ಬೇವಿನ ಕಟ್ಟೆಯ ಮೇಲೆ ಹಳೇ ಮೆಂಬರ್ ಮುರುಗೇಶಪ್ಪ ಕೂತಿದ್ದ. ಅವನಿಗೆ ಬೇರೆ ಕೆಲಸವಿಲ್ಲ.

"ಊರಿಗೆಲ್ಲ ನೀರು ಕೊಡ್ತೀಯಲ್ಲೋ ಸಿದ್ದಲಿಂಗ, ನಿನ್ನ ಮನೇಲಿ ಮಾತ್ರ ಒಂದು ತೊಟ್ಟಿಲು ಕಟ್ಟಾಕೆ ಆಗ್ಲಿಲ್ಲ."

ಸಿದ್ದಲಿಂಗೇಶ್ ಕೈ ಒರೆಸಿಕೊಂಡು ನಗುತ್ತಲೇ ಬುತ್ತಿ ಬಿಚ್ಚಿದ. "ನನ್ನಲ್ಲೇ ಐಬು ಐತಲ್ಲ ಮಾವ. ಡಾಕ್ಟರೇ ಹೇಳಿದ್ಮೇಲೆ ಮುಗೀತು. ನೀನು ಇನ್ನೂ ಎಷ್ಟು ವರ್ಷ ಕೇಳ್ತೀಯ?"

"ಕೇಳಿದ್ರೆ ಸಿಟ್ಟು ಬರುತ್ತೇನೋ ನೋಡಾಕೆ ಕೇಳ್ತೀನಿ. ನಿಂಗೆ ಸಿಟ್ಟೂ ಬರಲ್ಲ. ಅದಕ್ಕೇ ಅನ್ನೋದು."

ಪ್ರಮೀಳಾ ನೆಲ ನೋಡಿದಳು. ಆ ಮಾತು ಹೊಸದಲ್ಲ. ಗಂಡ ನಗುವುದೂ ಹೊಸದಲ್ಲ. ಆದರೆ ಆ ನಗು ಪ್ರತಿ ಸಲ ಅವಳಿಗೆ ಬೈಗುಳಕ್ಕಿಂತ ಭಾರವಾಗುತ್ತಿತ್ತು. ಯಾಕೆಂದರೆ ಅವನು ಹೇಳುತ್ತಿದ್ದುದು ಸುಳ್ಳು. ಅವನಲ್ಲಿ ಯಾವ ಐಬೂ ಇರಲಿಲ್ಲ.

ಸಂಜೆ ಅವನಿಗೆ ಎದೆ ಉರಿ ಅಂತ ಶುರುವಾಯಿತು. "ಗ್ಯಾಸು. ಮೆಣಸಿನಕಾಯಿ ಚಟ್ನಿ ಜಾಸ್ತಿ ಆತು" ಅಂದ. ಅಂಗಡಿಗೆ ಹೋಗಿ ಸೋಡಾ ಕುಡಿದು ಬಂದ. ಎಡಗೈ ಜೋಮು ಹಿಡಿದಿದೆ ಅಂದಾಗ ಅವಳು ಎಣ್ಣೆ ಹಚ್ಚಿ ತಿಕ್ಕಿದಳು. ಆಸ್ಪತ್ರೆಗೆ ಹೋಗೋಣ ಅಂದಿದ್ದಕ್ಕೆ, "ಸ್ಪ್ಯಾನರ್ ಹಿಡಿದು ಹಿಡಿದು ಕೈ ನೋವು ಬಂದೈತೆ. ಅದಕ್ಕೂ ಡಾಕ್ಟ್ರಾ?" ಅಂತ ಮಗ್ಗುಲಾದ.

ಮಾರನೇ ದಿನ ಬೆಳಿಗ್ಗೆ ಎದ್ದು ಹೋಗಿ, ರಿಪೇರಿ ಮಾಡಿದ್ದ ಮೇಲಿನ ಓಣಿಯ ವಾಲ್ ತಿರುಗಿಸಿದ. ಹಾಗೇ ಗೋಡೆಗೊರಗಿ ಕೂತ. ಮೇಲಿನ ಓಣಿಯವರು ಕೊಡ, ಬಕೆಟ್, ಡ್ರಮ್ ಎಲ್ಲ ತುಂಬಿಸಿಕೊಂಡರು. ಇವತ್ತು ಸಿದ್ದಲಿಂಗಣ್ಣ ಧಾರಾಳ ಬಿಟ್ಟಿದ್ದಾನೆ ಅಂದುಕೊಂಡರು. ನೀರು ಚರಂಡಿ ತುಂಬಿ ರಸ್ತೆಗೆ ಬಂದ ಮೇಲೆ, ಇವನಿಗೆ ಕಣ್ಣಿಲ್ಲವಾ ಅಂತ ಬೈಯುತ್ತಾ ಒಬ್ಬ ಹುಡುಕಿಕೊಂಡು ಹೋದ. ಸಿದ್ದಲಿಂಗೇಶನ ಮೈ ಅಷ್ಟೊತ್ತಿಗೆ ತಣ್ಣಗಾಗಿತ್ತು.

ಮಣ್ಣು ಮಾಡುವಾಗ ಮಗನ ಜಾಗದಲ್ಲಿ ತಮ್ಮ ಓಂಕಾರ್ ನಿಂತ. ಹಿಂದೆ ನಿಂತ ಹೆಂಗಸರು ಪಿಸುಗುಟ್ಟಿದ್ದು ಪ್ರಮೀಳಾಗೆ ಕೇಳಿಸಿತು.

"ಹೆಸರು ಹೇಳಾಕೆ ಒಂದು ಕುಡಿ ಇಲ್ದಂಗೆ ಹೋದ."

"ಅವನಲ್ಲಿ ಶಕ್ತಿ ಇರ್ಲಿಲ್ವಂತಲ್ಲ, ಪಾಪ. ಇವಳು ಹೆಂಗೋ ಬಾಳಿದ್ಳು, ಪುಣ್ಯಾತ್ಗಿತ್ತಿ."

ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ಅಳು ತಡೆಯಲಿಕ್ಕೆ ಅಂತ ಎಲ್ಲರೂ ತಿಳಿದರು. ಅವಳು ತಡೆದದ್ದು ಮಾತು. ಗಂಡ ಮಣ್ಣಿಗೆ ಹೋದರೂ ಅವನ ಮೇಲಿನ ಆ ಮಾತು ಮಣ್ಣಿಗೆ ಹೋಗಲಿಲ್ಲ. ಅದನ್ನು ಅಳಿಸಬಲ್ಲವಳು ಊರಲ್ಲಿ ಅವಳೊಬ್ಬಳೇ. ಅಳಿಸಿದರೆ ಆ ಮನೆಯಲ್ಲಿ ಅವಳಿಗೆ ಜಾಗವಿಲ್ಲ.

ಪ್ರಮೀಳಾ ಜಗಳೂರು ಕಡೆಯ ಹೆಣ್ಣು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ವೈಶಾಖದಲ್ಲಿ ಮದುವೆಯಾಯಿತು. ಆಷಾಢ ಬಂತು ಅಂತ ತವರಿಗೆ ಕಳಿಸಿದರು. ಹೊಸದಾಗಿ ಮದುವೆಯಾದ ವರ್ಷ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅಳಿಯ ಅತ್ತೆಮನೆ ಹೊಸ್ತಿಲು ದಾಟಬಾರದು. ಗಂಡ ಹೆಂಡತಿ ಆ ಒಂದು ತಿಂಗಳು ಬೇರೆ. ಆಷಾಢದಲ್ಲಿ ಬಸಿರು ನಿಂತರೆ ಕೂಸು ಚೈತ್ರದ ಉರಿಬಿಸಿಲಿಗೆ ಹುಟ್ಟುತ್ತದೆ, ತಾಯಿಗೂ ಕೂಸಿಗೂ ಕಷ್ಟ ಅಂತ ಹಿಂದಿನವರು ಮಾಡಿದ್ದು. ಕಾರಣ ಎಲ್ಲರೂ ಮರೆತಿದ್ದರು. ನಾಚಿಕೆ ಮಾತ್ರ ಉಳಿದಿತ್ತು.

ಸಿದ್ದಲಿಂಗೇಶ್ ಯಾರದೋ ಬೈಕ್ ಇಸಕೊಂಡು ಜಗಳೂರಿನ ಗಾಳಿಯಲ್ಲಿ ತಲೆಯೆಲ್ಲ ಕೆಂಧೂಳು ಮಾಡಿಕೊಂಡು ಬಂದ. ಬಾಗಿಲಲ್ಲೇ ಅವಳ ಅವ್ವ ತಡೆದಳು.

"ಹೊಸ್ತಿಲು ದಾಟಬ್ಯಾಡ್ರಿ ಅಳಿಯಂದ್ರೇ, ಆಷಾಢ."

"ಆತ್ರಿ ಅತ್ತೆ" ಅಂದು ಮನೆ ಸುತ್ತು ಹಾಕಿ ಹಿತ್ತಲಿನಿಂದ ಬಂದು ಒಲೆ ಮುಂದೆ ಕೂತ. "ಇಲ್ಲಿ ಹೊಸ್ತಿಲೇ ಇಲ್ವಲ್ರಿ!"

ಅವಳ ಅವ್ವ ನಕ್ಕು ಚಾ ಇಟ್ಟಳು. ಆ ತಿಂಗಳು ಅವನು ಮತ್ತೆ ಮತ್ತೆ ಬಂದ.

ಶ್ರಾವಣದಲ್ಲಿ ಗೋವಿನಕೋವಿಗೆ ವಾಪಸು ಬಂದ ಮೇಲೆ ಪ್ರಮೀಳಾ ಮುಟ್ಟಾಗಲಿಲ್ಲ. ಬೆರಳು ಮಡಿಚಿ ಎಣಿಸಿದಳು. ಚೈತ್ರಕ್ಕೇ ಬರುತ್ತಿತ್ತು. ಅಷ್ಟರಲ್ಲೇ ಪಕ್ಕದ ಓಣಿಯ ಒಬ್ಬಳ ವಿಷಯಕ್ಕೆ ಅತ್ತೆ ತಿಪ್ಪಮ್ಮ ಆಡಿದ್ದು ಅವಳು ಕೇಳಿದ್ದಳು. "ಒಂದು ತಿಂಗಳು ತಡ್ಕಳಾಕೆ ಆಗ್ಲಿಲ್ಲ ನೋಡು. ಈಗ ಹೊಟ್ಟೆ ಮುಂದಿಟ್ಕೊಂಡು ತಿರುಗ್ತಾಳೆ. ಅಂಥ ಕೂಸು ಹುಟ್ಟಿದ್ರೆ ಮನೆ ಹಿರೇರಿಗೆ ಆಗಲ್ಲ." ಮನೆಯ ಹಿರಿಯ, ಪ್ರಮೀಳಾಳ ಮಾವ, ಆಗ ಪಾರ್ಶ್ವ ಹೊಡೆದು ಮಲಗಿದ್ದ. ಅವನಿಗೇನಾದರೂ ಆದರೆ ಹೊಟ್ಟೆಯಲ್ಲಿದ್ದದ್ದರ ಮೇಲೆ ಬರುತ್ತಿತ್ತು.

"ಇದು ಹೋಗ್ಲಿ ಬಿಡು" ಅಂದ ಸಿದ್ದಲಿಂಗೇಶ್. "ಮುಂದಿನ ವರ್ಷ ಬರುತ್ತೆ. ನಮಗೇನು ಅವಸರ?"

ಅವನಿಗಾಗ ಮೀಸೆ ಸರಿಯಾಗಿ ದಪ್ಪವಾಗಿರಲಿಲ್ಲ. ಅವಳಿಗೆ ಅವನು ಹೇಳಿದ್ದೆಲ್ಲ ಸರಿ ಅನಿಸುತ್ತಿತ್ತು. ಗುರುತಿನವರು ಕಾಣಬಾರದು ಅಂತ ಹೊನ್ನಾಳಿ, ನ್ಯಾಮತಿ ಎರಡೂ ಬಿಟ್ಟು ಚನ್ನಗಿರಿಗೆ ಹೋಗಿ ಒಂದು ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಂದ. ಅಂಗಡಿಯವನು ಕಾಗದದಲ್ಲಿ ಸುತ್ತಿ ಕೊಟ್ಟನೇ ಹೊರತು ಎಷ್ಟು ತಿಂಗಳು ಅಂತ ಕೇಳಲಿಲ್ಲ. ಏನಾದರೆ ಎಲ್ಲಿಗೆ ಹೋಗಬೇಕು ಅಂತ ಹೇಳಲಿಲ್ಲ.

ಮಾತ್ರೆ ನುಂಗಿದಳು. ರಕ್ತ ಹೋಯಿತು. ನಿಲ್ಲಬೇಕಾದ ದಿನಕ್ಕೆ ನಿಲ್ಲಲಿಲ್ಲ. ಆಮೇಲೆ ಜ್ವರ ಬಂತು. ಹಲ್ಲು ಕಟಕಟ ಅನ್ನುವ ಚಳಿ. ಕಿಬ್ಬೊಟ್ಟೆಯಲ್ಲಿ ಒನಕೆ ಹಾಕಿ ಕುಟ್ಟಿದಂಥ ನೋವು. ವಾಸನೆ ಎಷ್ಟಿತ್ತೆಂದರೆ ತನ್ನ ಮೈ ತನಗೇ ಬೇಡವಾಯಿತು. ಬಟ್ಟೆಗಳನ್ನು ಯಾರೂ ಏಳುವ ಮೊದಲು ಒಗೆದು ಸೌದೆ ಒಟ್ಟಿಲಿನ ಹಿಂದೆ ಒಣಗಿಸಿದಳು. ಅತ್ತೆ ಕೇಳಿದಾಗ "ಮುಟ್ಟು ಜಾಸ್ತಿ" ಅಂದಳು. ಪಾಪ, ತಿಪ್ಪಮ್ಮ ಜೀರಿಗೆ ಕಷಾಯ ಕಾಸಿ ಕೊಟ್ಟಳು, ಭಾರ ಎತ್ತಬೇಡ ಅಂದಳು. ಅಂಗಡಿಯ ಜ್ವರದ ಮಾತ್ರೆಯಲ್ಲೇ ಅವಳು ದಿನ ದೂಡಿದಳು. ಕೊನೆಗೆ ಎಲ್ಲ ತಾನಾಗೇ ನಿಂತಿತು. ಬದುಕಿದೆ ಅಂದುಕೊಂಡಳು.

ಮುಂದಿನ ವರ್ಷ ಏನೂ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಮಾವ ಹೇಗೂ ತೀರಿಕೊಂಡ. ಗುಡ್ಡದ ವೀರಭದ್ರನಿಗೆ ಹರಕೆ ಹೊತ್ತರು. ನ್ಯಾಮತಿಯಲ್ಲಿ ಹೊಟ್ಟೆ ತಿಕ್ಕುವ ಮುದುಕಿಯ ಹತ್ತಿರ ಹೋದರು. ಬೇರು ಅರೆದು ಕೊಟ್ಟವರುಂಟು, ತಾಯಿತ ಕಟ್ಟಿದವರುಂಟು. ಮೈಯಿಂದ ಬಿಳಿ ಹೋಗುತ್ತಿತ್ತು, ಸೊಂಟ ಬಿದ್ದುಹೋಗುತ್ತಿತ್ತು. ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ ಅಂತ ಅವಳು ಯಾರಿಗೂ ಹೇಳಲಿಲ್ಲ. ಬೇರೆ ಹೆಂಗಸರಿಗೂ ಅದೇ ಇತ್ತು. ಅವರೂ ಹೇಳುತ್ತಿರಲಿಲ್ಲ.

ತುಂಬಾ ತಡವಾಗಿ ದಾವಣಗೆರೆಗೆ ಹೋದರು. ಡಾಕ್ಟರಮ್ಮ ಮೊದಲು ಸಿದ್ದಲಿಂಗೇಶನ ಪರೀಕ್ಷೆ ಮಾಡಿಸಿದಳು. ಅವನು ಹುಬ್ಬೇರಿಸಿದ.

"ನಂದ್ಯಾಕ್ರಿ ಮೇಡಂ?"

"ಮಕ್ಕಳಾಗಲಿಲ್ಲ ಅಂತ ಬರೋರಲ್ಲಿ ತುಂಬಾ ಸಲ ದೋಷ ಗಂಡಸಿನದೇ ಇರುತ್ತೆ. ಇಬ್ಬರದೂ ಇರಬಹುದು. ಹೆಂಗಸನ್ನೇ ಊರೂರು ಸುತ್ತಿಸಿ ಕೊನೆಗೆ ನಿಮ್ಮನ್ನ ನೋಡೋದಾ?"

ಅವನದು ಸರಿಯಿತ್ತು. ಆಮೇಲೆ ಪ್ರಮೀಳಾಳ ಗರ್ಭಕ್ಕೆ ಬಣ್ಣದ ನೀರು ಬಿಟ್ಟು ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಗರ್ಭಕೋಶದ ಎರಡೂ ಕಡೆ ಒಂದೊಂದು ನಳಿಗೆ ಇರುತ್ತದೆ, ಮೊಟ್ಟೆ ಆ ದಾರಿಯಲ್ಲೇ ಬರಬೇಕು. ಇವಳಿಗೆ ಎರಡೂ ಕಟ್ಟಿಹೋಗಿವೆ.

"ಪೈಪಲ್ಲಿ ಪಾಚಿ ಕಟ್ಟಿದಂಗೆ" ಅಂದ ಸಿದ್ದಲಿಂಗೇಶ್.

"ಪಾಚಿ ಆದ್ರೆ ತೊಳೀಬಹುದು. ಇದು ಕೀವಾಗಿ, ಒಣಗಿ, ಅಂಟಿಕೊಂಡಿದೆ. ಹಿಂದೆ ಯಾವಾಗಲಾದ್ರೂ ಬಸಿರು ಹೋಗಿತ್ತಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವನೇ ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

"ಬೇಡ ಅನ್ನಿಸಿದ್ರೆ ಆಸ್ಪತ್ರೆಗೆ ಬರಬೇಕಿತ್ತು. ಕಾನೂನಲ್ಲೇ ಅದಕ್ಕೆ ದಾರಿ ಇದೆ, ಯಾರಿಗೂ ಹೇಳದೇ ಮಾಡ್ತಾರೆ. ಹೋಗಲಿ, ಚಳಿಜ್ವರ ಬಂತಲ್ಲ, ಆ ವಾರನಾದ್ರೂ ಬಂದಿದ್ರೆ? ಒಳಗೆ ಚೂರು ಉಳಿದು ಕೊಳೆತಿದೆ. ಒಂದು ಸಲ ಕ್ಲೀನ್ ಮಾಡಿ, ಔಷಧಿ ಪೂರ್ತಿ ಕೊಟ್ಟಿದ್ರೆ ಈ ನಳಿಗೆ ಬಹುಶಃ ಉಳೀತಿತ್ತು."

ಪ್ರಮೀಳಾ ಮೆಲ್ಲಗೆ ಕೇಳಿದಳು. "ಎಲ್ರಿಗೂ ಹಿಂಗೇ ಆಗುತ್ತೇನ್ರಿ, ಮಕ್ಕಳಾಗದೇ ಇರೋರಿಗೆ?"

"ಇಲ್ಲಮ್ಮ. ಒಬ್ಬಳಿಗೆ ಮುಟ್ಟೇ ಸರಿಯಿರಲ್ಲ, ಮೊಟ್ಟೆ ಬಿಡೋದಿಲ್ಲ. ಒಬ್ಬಳಿಗೆ ಥೈರಾಯ್ಡ್. ಕೆಲವರಿಗೆ ಟಿಬಿ ಒಳಗೇ ಗರ್ಭಕ್ಕೆ ಇಳಿದಿರುತ್ತೆ, ಕೆಮ್ಮೂ ಇರಲ್ಲ. ಗಂಡನಿಂದ ಹತ್ತಿದ ಸೋಂಕು ಇರುತ್ತೆ. ವಯಸ್ಸು ಮೀರಿ ಬರೋರಿದ್ದಾರೆ. ಎಲ್ಲಾನೂ ತಡೆಯೋಕಾಗಲ್ಲ. ನಿಂದು ತಡೆಯಬಹುದಿತ್ತು. ಅದಕ್ಕೇ ನಂಗೆ ಸಿಟ್ಟು."

ದೊಡ್ಡ ಆಸ್ಪತ್ರೆಗಳಲ್ಲಿ ಮೈಯ ಹೊರಗೇ ಕೂಸು ಕಟ್ಟಿ ಗರ್ಭಕ್ಕೆ ಇಡುತ್ತಾರೆ ಅಂತಲೂ ಹೇಳಿದಳು. ಆದರೆ ಅದು ವಾಟರ್‌ಮ್ಯಾನ್ ಮನೆಯವರು ಹತ್ತುವ ಮೆಟ್ಟಿಲಲ್ಲ.

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವನು ಮಂಡಕ್ಕಿ ಮೆಣಸಿನಕಾಯಿ ತಂದ. ಕಲ್ಲು ಬೆಂಚಿನ ಮೇಲೆ ಕೂತರು. ಅವಳು ತಿನ್ನಲಿಲ್ಲ.

"ಮನೇಲಿ ನಾನು ಹೇಳ್ತೀನಿ. ನನ್ನಲ್ಲೇ ಐಬು ಅಂತ."

"ಯಾಕ್ರಿ?"

"ನಿನ್ನಲ್ಲಿ ಅಂದ್ರೆ ಅವ್ವ ನಂಗೆ ಇನ್ನೊಂದು ಹೆಣ್ಣು ನೋಡ್ತಾಳೆ. ನನ್ನಲ್ಲಿ ಅಂದ್ರೆ ನಿಂಗೆ ಯಾರೂ ಇನ್ನೊಂದು ಗಂಡು ನೋಡಲ್ಲ. ಖರ್ಚಿಲ್ಲ."

ಅವಳಿಗೆ ನಗು ಬಂತು. ನಗುತ್ತಲೇ ಅತ್ತಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡಿದರು. "ಮೆಣಸಿನಕಾಯಿ ಖಾರ ಐತೆ" ಅಂದ ಅವನು ಅವರಿಗೆ.

ಅವತ್ತಿನಿಂದ ಊರು ಅವನನ್ನು ಆಡಿಕೊಂಡಿತು. ಕಟ್ಟೆಯಲ್ಲಿ, ಹೋಟೆಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. ಅವನು ನಗುತ್ತಲೇ ಹೊತ್ತ. ಇವಳು ಪುಣ್ಯಾತ್ಗಿತ್ತಿ ಅನ್ನಿಸಿಕೊಂಡಳು.

ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಒಂದು ಶುಭ ಆಗಬೇಕು ಅಂತ ತಿಪ್ಪಮ್ಮ ಹಟ ಹಿಡಿದು ಓಂಕಾರ್‌ಗೆ ಹೆಣ್ಣು ತಂದಳು. ಚನ್ನಗಿರಿ ಹತ್ತಿರದ ಸೂಳೆಕೆರೆ ಕಡೆಯ ಶಾಂತಲಾ. ಪಿಯುಸಿ ಓದಿದ ಹುಡುಗಿ, ಮಾತು ಕಡಿಮೆ. ಪ್ರಮೀಳಾ ಮದುವೆಯಾಗಿ ಬಂದಾಗ ಓಂಕಾರ್ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಅವನ ತಲೆಗೆ ಎಣ್ಣೆ ಹಚ್ಚಿದ ಕೈಯಿಂದ ಅವನ ಮದುವೆಯಲ್ಲಿ ಅರಿಶಿನ ಮುಟ್ಟಲು ಅವಳಿಗೆ ಆಗಲಿಲ್ಲ. ಅಡಿಗೆಮನೆಯಲ್ಲೇ ಉಳಿದಳು.

ಆಷಾಢ ಬಂತು. ಶಾಂತಲಾಳನ್ನು ತವರಿಗೆ ಕಳಿಸಿದರು. ಓಂಕಾರ್‌ನದು ಬಾಡಿಗೆ ಗೂಡ್ಸ್ ಗಾಡಿ. ಆ ತಿಂಗಳು ಅವನಿಗೆ ಚನ್ನಗಿರಿ ಕಡೆಯ ಬಾಡಿಗೆಗಳೇ ಸಿಕ್ಕವು. ಇಸ್ತ್ರಿ ಅಂಗಿ ಹಾಕಿ, ಸೆಂಟು ಹೊಡೆದುಕೊಂಡು ಮೆಕ್ಕೆಜೋಳದ ಲೋಡಿಗೆ ಹೋಗುವವರನ್ನು ಪ್ರಮೀಳಾ ಅದೇ ಮೊದಲು ನೋಡಿದ್ದು. ಅವಳಿಗೆ ತನ್ನ ತವರಿನ ಹಿತ್ತಲ ಬಾಗಿಲು ನೆನಪಾಯಿತು. ಹೋಗಲಿ, ಅವರಾದರೂ ಸುಖವಾಗಿರಲಿ ಅಂದುಕೊಂಡಳು.

ಶ್ರಾವಣ ಕಳೆದು ಗೌರಿ ಹಬ್ಬದ ಹೊತ್ತಿಗೆ ಶಾಂತಲಾ ಗೋಡೆ ಹಿಡಿದು ನಡೆಯತೊಡಗಿದಳು. ಒಂದು ಕೈ ಗೋಡೆಗೆ, ಒಂದು ಕೈ ಕಿಬ್ಬೊಟ್ಟೆಗೆ. ಹಿತ್ತಲಿಂದ ಬರುವಾಗ ಮಧ್ಯೆ ನಿಂತು ಉಸಿರು ಹಿಡಿಯುತ್ತಿದ್ದಳು. ಪ್ರಮೀಳಾ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಏನಾಗೈತೆ ಶಾಂತಲಾ?"

"ಏನಿಲ್ಲಕ್ಕ, ಮುಟ್ಟು. ಈ ಸಲ ಸ್ವಲ್ಪ ಜಾಸ್ತಿ."

ಪ್ರಮೀಳಾ ಎದ್ದು ಹೋಗಿ ಅವಳ ಕುತ್ತಿಗೆ ಮುಟ್ಟಿದಳು. ಹಂಚಿನಂತೆ ಕಾದಿತ್ತು. ಹತ್ತಿರ ಹೋದಾಗ ಆ ವಾಸನೆ ಬಂತು. ಇಷ್ಟು ವರ್ಷದ ಮೇಲೂ ಅವಳ ಮೂಗು ಅದನ್ನು ಮರೆತಿರಲಿಲ್ಲ.

"ಮುಟ್ಟಾದೋರಿಗೆ ಹಿಂಗೆ ಚಳಿಜ್ವರ ಬರಲ್ಲ. ಮಾತ್ರೆ ನುಂಗಿದ್ಯಾ? ನಿಜ ಹೇಳು."

ಹುಡುಗಿ ತಲೆ ತಗ್ಗಿಸಿದಳು. "ಇವರೇ ಚನ್ನಗಿರಿಯಿಂದ ತಂದ್ಕೊಟ್ರು. ಆಷಾಢದ್ದು ಅಂತ ಅತ್ತೆಗೆ ಗೊತ್ತಾಗುತ್ತೆ, ಭಾವನ ವರ್ಷ ಬೇರೆ ತುಂಬಿಲ್ಲ, ಜನ ಏನಂತಾರೆ ಅಂದ್ರು. ಅಕ್ಕ, ಯಾರಿಗೂ ಹೇಳ್ಬೇಡ್ರಿ, ಕೈ ಮುಗೀತೀನಿ."

"ನಡಿ, ಸೀರೆ ಬದಲಾಯಿಸು. ಹೊನ್ನಾಳಿಗೆ ಹೋಗಣ."

ಅಷ್ಟರಲ್ಲಿ ತಿಪ್ಪಮ್ಮ ಬಂದಳು. "ಎಲ್ಲಿಗೆ?"

"ಆಸ್ಪತ್ರೆಗೆ ಅತ್ತೆ. ಇವಳಿಗೆ ಜ್ವರ ಏರೈತೆ."

"ಮುಟ್ಟಾದೋಳನ್ನ ಊರೆಲ್ಲ ಮೆರವಣಿಗೆ ಮಾಡ್ತೀಯಾ? ಕಷಾಯ ಕೊಡ್ತೀನಿ, ಮಲಗ್ಲಿ."

"ಕಷಾಯಕ್ಕೆ ಹೋಗಲ್ಲ ಇದು."

"ಓಹೋ. ದೊಡ್ಡ ಡಾಕ್ಟ್ರು ಇವಳು." ತಿಪ್ಪಮ್ಮನ ಧ್ವನಿ ಏರಿತು. ಓಂಕಾರ್ ಗಾಡಿ ತೊಳೆಯುತ್ತಿದ್ದವನು ಬಾಗಿಲಿಗೆ ಬಂದು ನಿಂತ. ಹೆಂಡತಿಯ ಮುಖವನ್ನೂ ನೋಡಲಿಲ್ಲ, ಅವ್ವನ ಮುಖವನ್ನೂ ನೋಡಲಿಲ್ಲ. ತಿಪ್ಪಮ್ಮ ಪ್ರಮೀಳಾಳ ಮೇಲೇ ಮುಂದುವರಿಸಿದಳು. "ಅವಳು ಬಂದಾಗಿಂದ ನಿನ್ನ ಕಣ್ಣು ಅವಳ ಹೊಟ್ಟೆ ಮೇಲೇ ಐತೆ. ನನಗೇನು ಕಾಣಲ್ವಾ? ನಿನಗೇನೇ ಗೊತ್ತು ಹೆಂಗಸರ ಒಳಗಿನ ಸುದ್ದಿ? ನೀನು ಬಸಿರು ಕಂಡೋಳಾ, ಬಾಣಂತನ ಕಂಡೋಳಾ? ನನ್ನ ಮಗ, ಪಾಪ, ಅವನಲ್ಲಿ ಇರ್ಲಿಲ್ಲ..."

"ಇತ್ತು" ಅಂದಳು ಪ್ರಮೀಳಾ.

ಅವಳು ಕೂಗಿ ಹೇಳಬೇಕು ಅಂತ ಹೇಳಲಿಲ್ಲ. ಆದರೆ ಓಣಿಗೆಲ್ಲ ಕೇಳುವಷ್ಟು ಜೋರಾಗಿ ಬಂತು.

"ಇತ್ತು ಅತ್ತೆ. ನಿಮ್ಮ ಮಗ ಸರಿಯಾಗೇ ಇದ್ರು. ನಾನು ಬಸುರಾಗಿದ್ದೆ. ಆಷಾಢದಾಗೆ. ನಿಮಗೆ ಹೆದರಿ ಇಬ್ರೂ ಸೇರಿ ಮಾತ್ರೆ ತಂದು ತೆಗೆಸಿದ್ವಿ. ಇದೇ ಜ್ವರ ಬಂತು. ಇದೇ ವಾಸನೆ. ನೀವು ಇದೇ ಕಷಾಯ ಕೊಟ್ರಿ, ನಾನು ಕುಡಿದೆ. ಅದಕ್ಕೇ ನನ್ನ ಹೊಟ್ಟೆ ಬೆಂದು ಹೋತು. ಅವರು ನನಗೋಸ್ಕರ ತಮ್ಮ ಮೇಲೆ ಹಾಕ್ಕೊಂಡ್ರು. ಈಗ ಇವಳದೂ ಬೇಯಬೇಕಾ?"

ಎದುರು ಮನೆಯವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದಳು.

"ಓಂಕಾರಪ್ಪ, ಗಾಡಿ ತಗಿ" ಅಂದಳು ಪ್ರಮೀಳಾ.

ಅವನು ತೆಗೆದ. ಶಾಂತಲಾಳನ್ನು ಮುಂದೆ ಕೂರಿಸಿ ಇವಳು ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂತಳು. ತಿಪ್ಪಮ್ಮ ಹೊಸ್ತಿಲಲ್ಲೇ ಕುಸಿದು ಕೂತಿದ್ದು ತಿರುವಿನವರೆಗೂ ಕಾಣುತ್ತಿತ್ತು.

ಹೊನ್ನಾಳಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಒಳಗೆ ಚೂರು ಉಳಿದಿತ್ತು, ಕೀವು ಶುರುವಾಗಿತ್ತು. ಅವತ್ತೇ ತೆಗೆದು ಡ್ರಿಪ್ ಹಾಕಿದರು. ಮಾರನೇ ದಿನ ಜ್ವರ ಇಳಿಯಿತು. ಡಾಕ್ಟರು ಓಂಕಾರ್‌ನನ್ನು ನಿಲ್ಲಿಸಿಕೊಂಡು ಬೈದರು. "ಮದುವೆ ಆಗೋಕೆ ಊರೆಲ್ಲ ಕರೀತೀರಿ. ಇದಕ್ಕೆ ಮಾತ್ರ ಗುಟ್ಟಾಗಿ ಅಂಗಡಿಗೆ ಹೋಗ್ತೀರಿ." ಆಮೇಲೆ ಶಾಂತಲಾಗೆ ಹೇಳಿದರು. ಜ್ವರ ಹೋಯಿತು ಅಂತ ಮಾತ್ರೆ ನಡುವೆ ಬಿಡಬಾರದು, ಎರಡು ವಾರ ಪೂರ್ತಿ ನುಂಗಬೇಕು. ರಕ್ತ ಕಡಿಮೆ ಇದೆ, ಕಬ್ಬಿಣದ ಮಾತ್ರೆ, ಸೊಪ್ಪು, ಹಾಲು ಬಿಡಬಾರದು. ಕೆಲವು ತಿಂಗಳು ಬಸಿರು ಬೇಡ.

"ಮುಂದೆ ಆಗುತ್ತೇನ್ರಿ ಡಾಕ್ಟ್ರೇ?" ಅಂತ ಕೇಳಿದ್ದು ಪ್ರಮೀಳಾ.

"ಬೇಗ ಬಂದ್ರಿ, ಅಷ್ಟು ಹೇಳಬಲ್ಲೆ. ಗ್ಯಾರಂಟಿ ಕೊಡಲ್ಲ."

ಊರಿಗೆ ಬಂದ ದಿನ ತಿಪ್ಪಮ್ಮ ಮನೆಯಲ್ಲಿರಲಿಲ್ಲ. ಬೇವಿನ ಕಟ್ಟೆಯ ಹತ್ತಿರ ಮುರುಗೇಶಪ್ಪನ ಮುಂದೆ ನಿಂತಿದ್ದಳು. "ನನ್ನ ಮಗ ಸಿದ್ದಲಿಂಗ ಗಂಡಸೇ ಆಗಿದ್ದ ಕಣೋ! ನೀನು ಆಡಿಕೊಂಡು ನಕ್ಕೆಯಲ್ಲ, ನಿನ್ನ ಬಾಯಿಗೆ ಹುಳ ಬೀಳಾ!" ಅಂತ ಮಣ್ಣು ತೂರುತ್ತಿದ್ದಳು. ಮುರುಗೇಶಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡು, "ಆತು ಬಿಡಕ್ಕ, ನನಗೇನು ಗೊತ್ತಿತ್ತು, ಬಿಡಕ್ಕ" ಅನ್ನುತ್ತಿದ್ದ. ಪ್ರಮೀಳಾ ಗಾಡಿಯ ಹಿಂದೆ ಕೂತು ಅದನ್ನು ಕೇಳಿದಳು. ಗಂಡನ ಹೆಸರು ಅಷ್ಟು ಜೋರಾಗಿ ಅಷ್ಟು ಚೊಕ್ಕವಾಗಿ ಊರಲ್ಲಿ ಕೇಳಿದ್ದು ಅದೇ ಮೊದಲು. ಅವನಿದ್ದಾಗ ಆಗಬೇಕಿತ್ತು.

ಆಮೇಲೆ ತಿಪ್ಪಮ್ಮ ಮನೆಗೆ ಬಂದು ಇವಳ ಎದುರು ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಮಗ ಹದಿನೈದು ವರ್ಷ ತಲೆ ತಗ್ಗಿಸಿಕೊಂಡು ಓಡಾಡಿದ. ನೀನು ಬಾಯಿ ಮುಚ್ಕೊಂಡು ಅವನ ಹಿಂದೆ ಓಡಾಡಿದೆ. ಅವನು ಹೋಗೋ ದಿನ ಮಣ್ಣಿನ ಹತ್ರ ನಿಂತು ಜನ ಅಂದ್ರು. ಆಗ್ಲೂ ನಿಂಗೆ ಬಾಯಿ ಬರ್ಲಿಲ್ಲ."

"ಅವರೇ ಹೇಳಬ್ಯಾಡ ಅಂದಿದ್ರು ಅತ್ತೆ."

"ಅವನು ಅಂದ. ನೀನು ಕೇಳಿದೆ." ತಿಪ್ಪಮ್ಮ ಎದ್ದಳು. "ನಿನ್ನ ಕೈಯಿಂದ ನಂಗೆ ಇನ್ನು ನೀರು ಬ್ಯಾಡ."

ಓಂಕಾರ್‌ಗೆ ಬೇರೆ ಸಂಕಟ. ತನ್ನ ಗುಟ್ಟು ಎದುರು ಮನೆಯವಳ ಬಾಯಿಂದ ಇಡೀ ಗೋವಿನಕೋವಿಗೆ ಹೋಗಿತ್ತು. "ಅತ್ತಿಗೆ, ನೀವು ಮಾಡಿದ್ದು ಸರಿ. ಆದ್ರೆ ಅಷ್ಟು ಜೋರಾಗಿ ಹೇಳ್ಬಾರ್ದಿತ್ತು" ಅಂದ. ಮೆಲ್ಲಗೆ ಹೇಳಿದ್ದರೆ ಯಾರು ಕೇಳುತ್ತಿದ್ದರು ಅಂತ ಇವಳು ಕೇಳಲಿಲ್ಲ. ದೀಪಾವಳಿಗೆ ಮೊದಲೇ ನಡುಮನೆಗೆ ಅಡ್ಡ ಗೋಡೆ ಬಂತು. ಹಿಂದಿನ ಕೋಣೆ, ಕೊಟ್ಟಿಗೆ, ಒಂದು ಎಮ್ಮೆ ಪ್ರಮೀಳಾಗೆ. ಪಂಚಾಯ್ತಿಯವರು ನೀರು ಬಿಡುವ ಕೆಲಸ ಬೇರೆಯವನಿಗೆ ಕೊಟ್ಟರು. ಅವಳು ಕೂಲಿಗೆ ಹೋಗುತ್ತಾಳೆ. ಅಡಿಕೆ ಸುಗ್ಗಿಯಲ್ಲಿ ಸುಲಿಯಲಿಕ್ಕೆ, ಉಳಿದ ದಿನ ಕಳೆಗೆ. ಊರು ಈಗ ಅವಳನ್ನು ಪುಣ್ಯಾತ್ಗಿತ್ತಿ ಅನ್ನುವುದಿಲ್ಲ. ಬಸಿರು ತೆಗೆಸಿಕೊಂಡವಳು ಅನ್ನುತ್ತದೆ. ಅರಿಶಿನ ಕುಂಕುಮಕ್ಕೆ ಮೊದಲೇ ಕರೆಯುತ್ತಿರಲಿಲ್ಲ, ಈಗ ಕೂಸು ಎತ್ತಿಕೊಳ್ಳಲು ಕೈ ಚಾಚಿದರೂ ತಾಯಂದಿರು ಮಗ್ಗುಲು ಬದಲಾಯಿಸುತ್ತಾರೆ.

ಆದರೆ ಕಳೆ ಕೀಳುವ ಸಾಲಿನಲ್ಲಿ ಪಕ್ಕದವಳು ಮೆಲ್ಲಗೆ, ತಲೆ ಎತ್ತದೇ ಕೇಳುವುದುಂಟು.

"ಪ್ರಮೀಳಕ್ಕ, ನನ್ನ ಮಗಳಿಗೆ ಮೂರು ತಿಂಗಳಿಂದ ಮುಟ್ಟೇ ಆಗಿಲ್ಲ. ಕಾದು ನೋಡ್ಲಾ?"

"ಕಾಯಬ್ಯಾಡ. ಹೊನ್ನಾಳಿಗೆ ಕರ್ಕೊಂಡು ಹೋಗು."

"ನಂಗೆ ಬಿಳಿ ಹೋಗುತ್ತೆ, ವಾಸನೆ ಐತೆ. ಅದು ಇದ್ದದ್ದೇ ಅಲ್ವಾ?" ಅನ್ನುತ್ತಾಳೆ ಇನ್ನೊಬ್ಬಳು.

"ವಾಸನೆ ಇದ್ರೆ ಇದ್ದದ್ದಲ್ಲ. ನಾಳೆನೇ ಹೋಗು. ಗಂಡನ್ನೂ ಕರ್ಕೊಂಡು ಹೋಗು, ಅವನಿಗೂ ಮಾತ್ರೆ ಕೊಡ್ತಾರೆ."

ಸಂಜೆ ಊರೊಳಗೆ ಎದುರಾದಾಗ ಅವರೇ ಮಾತಾಡಿಸುವುದಿಲ್ಲ. ಅವಳೂ ಮಾತಾಡಿಸುವುದಿಲ್ಲ.

ಶಾಂತಲಾ ಗೋಡೆಯ ಆ ಕಡೆ ಇದ್ದಾಳೆ. ಡಾಕ್ಟರು ಹೇಳಿದ ತಿಂಗಳುಗಳು ಕಳೆದವು. ಆಮೇಲೆಯೂ ಕಳೆದವು. ಏನಾದರೂ ಆಗಿದೆಯಾ, ಆಗಿಲ್ಲವಾ, ಪ್ರಮೀಳಾ ಕೇಳಿಲ್ಲ. ಕೇಳಿದರೆ ಕಣ್ಣು ಬಿತ್ತು ಅಂದಾರು. ಹಿತ್ತಲಲ್ಲಿ ಒಗೆದ ಮುಟ್ಟಿನ ಬಟ್ಟೆ ಬಿಸಿಲಿಗೆ ಹರಡಿರುವುದು ತಿಂಗಳಿಗೊಮ್ಮೆ ಕಾಣುತ್ತದೆ. ಅಷ್ಟೇ ಅವಳಿಗೆ ಬರುವ ಸುದ್ದಿ. ಬಟ್ಟೆ ಸೌದೆಯ ಹಿಂದೆ ಅಡಗಿಲ್ಲವಲ್ಲ, ಅಷ್ಟರಮಟ್ಟಿಗೆ ಸಮಾಧಾನ. ಬಟ್ಟೆ ಕಂಡಿತಲ್ಲ ಅಂತ ಅಷ್ಟೇ ಸಂಕಟ.

ಬೆಳಕು ಹರಿಯುತ್ತಲೇ ಪ್ರಮೀಳಾ ಎಮ್ಮೆ ಹಿಂಡುತ್ತಾಳೆ. ಡೈರಿಗೆ ಹಾಕುವ ಮೊದಲು ಶಾಂತಲಾಗೆ ಅಂತ ಒಂದು ಚೊಂಬು ತೆಗೆದು ಕಾಸುತ್ತಾಳೆ. ಉಕ್ಕು ಬರುವವರೆಗೂ ಒಲೆಯ ಮುಂದಿಂದ ಏಳುವುದಿಲ್ಲ. ಆಮೇಲೆ ಎರಡು ಮನೆಯ ನಡುವಿನ ಹಿತ್ತಲ ಮೋಟುಗೋಡೆಯ ಮೇಲೆ ಚೊಂಬು ಇಟ್ಟು, ಬೆಕ್ಕು ಮುಟ್ಟದ ಹಾಗೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕಲ್ಲು ಹೇರುತ್ತಾಳೆ. ತಿಪ್ಪಮ್ಮ ಆ ಕಡೆಯಿಂದ ನೋಡಿ ಒಳಗೆ ಹೋಗುತ್ತಾಳೆ. ಪ್ರಮೀಳಾ ಡೈರಿಗೆ ಹೋಗಿ ಬರುವಷ್ಟರಲ್ಲಿ ಕೆಲವು ದಿನ ಹಾಲು ಹಾಗೇ ಕೆನೆಗಟ್ಟಿರುತ್ತದೆ. ಅದಕ್ಕೆ ಹೆಪ್ಪು ಹಾಕುತ್ತಾಳೆ. ಕೆಲವು ದಿನ ಚೊಂಬು ಖಾಲಿಯಾಗಿ, ತೊಳೆದು, ಬೋರಲಾಗಿರುತ್ತದೆ. ಅವಳು ಅದನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ.